ರಿಟರ್ನ್ ಟಿಕೆಟ್ ಬೇಡ, ತಾತ

ನಮ್ಮ ಕಂಪಲಾಪುರದಿಂದ ಶ್ರೀಹರಿಕೋಟಾಕ್ಕೆ ಹೋಗುವುದು ಕಷ್ಟವೇನಲ್ಲ ಮಕ್ಕಳೇ. ಮೈಸೂರಿಗೆ ಬಸ್ಸು, ಅಲ್ಲಿಂದ ಚೆನ್ನೈಗೆ ರಾತ್ರಿ ರೈಲು, ಚೆನ್ನೈನಿಂದ ಆಂಧ್ರದ ಸೂಳ್ಳೂರುಪೇಟೆಗೆ ಲೋಕಲ್ ರೈಲು. ಮುಂದೆ ಪುಲಿಕಾಟ್ ಸರೋವರದ ನಡುವೆ ಹಾದ ರಸ್ತೆ ಹಿಡಿದರೆ ರಾಕೆಟ್ ಹಾರುವ ದ್ವೀಪ. ಕಷ್ಟವೆಲ್ಲ ವಾಪಸು ಬರುವ ದಿನ ಗೊತ್ತುಮಾಡುವುದರಲ್ಲಿ.

2019ರಲ್ಲಿ ಅಲ್ಲಿ ಜನರಿಗಾಗಿ ಗ್ಯಾಲರಿ ತೆರೆದರು. ಆ ಜುಲೈನಲ್ಲಿ ಚಂದ್ರಯಾನ-2 ಹೊರಡುವುದಿತ್ತು. ಮಗನಿಗೆ ಹೊಗೆಸೊಪ್ಪಿನ ಬ್ಯಾರನ್ ಬಿಟ್ಟು ಅಲ್ಲಾಡುವಂತಿರಲಿಲ್ಲ. ಐದನೇ ತರಗತಿಯ ಮೊಮ್ಮಗನನ್ನು ನಾನೇ ಕರೆದುಕೊಂಡು ಹೋದೆ.

ಜುಲೈ 15, ನಸುಕಿನ 2 ಗಂಟೆ 51 ನಿಮಿಷಕ್ಕೆ ಉಡಾವಣೆ. ಇನ್ನು 56 ನಿಮಿಷ 24 ಸೆಕೆಂಡ್ ಇದೆ ಎನ್ನುವಾಗ ಎಣಿಕೆ ನಿಂತುಹೋಯಿತು. ತಾಂತ್ರಿಕ ತೊಂದರೆಯಂತೆ. “ಕೆಟ್ಟುಹೋಯ್ತಾ ತಾತ?” ಎಂದ. ಕೆಡಬಾರದು ಅಂತಲೇ ನಿಲ್ಲಿಸಿದ್ದು ಕಣೋ, ಬ್ಯಾಂಕಿನಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೂ ನಾವು ಮನೆಗೆ ಹೊರಡುತ್ತಿರಲಿಲ್ಲ, ಹಾಗೇ ಇದೂ ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ನನಗೂ ಅಷ್ಟೇ. ಅಂದು ರಾತ್ರಿಗೇ ರಿಟರ್ನ್ ಟಿಕೆಟ್ ಮಾಡಿಸಿಟ್ಟಿದ್ದೆ. ರಜೆ ಸಿಗದ ಕಾಲದ ಅಭ್ಯಾಸ.

ಜುಲೈ 22ರ ಮಧ್ಯಾಹ್ನ 2.43ಕ್ಕೆ ಅದು ಹಾರಿತು. ಸೋಮವಾರ, ಅವನು ಶಾಲೆಯಲ್ಲಿದ್ದ. ಸಂಜೆ ಬಂದವನೇ “ನೀನು ಟಿವಿಯಲ್ಲಿ ನೋಡಿದೆಯಾ?” ಎಂದು ಕೇಳಿದ. ಹೂಂ ಎನ್ನಲು ನಾಚಿಕೆಯಾಯಿತು.

ಈಗ ಅವನು ಕಾಲೇಜು. ಹೊರಟಿರುವವಳು ಅವನ ತಂಗಿ. ನನಗೂ ಎಪ್ಪತ್ತಾರಾಯಿತು, ಇನ್ನು ಮುಂದೂಡುತ್ತಾ ಕೂರುವಂತಿಲ್ಲ. ಉಡಾವಣೆ ನೋಡಲು ಇಸ್ರೋ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಲು ಬಿಡುತ್ತದೆ, ಜಾಗ ಬೇಗ ತುಂಬಿಬಿಡುತ್ತದೆ. ಆ ಕೆಲಸ ಮೊಮ್ಮಗನದು. ಶಾಲೆಗೆ ರಜೆ ಇರುವಾಗ ಬರುವ ಉಡಾವಣೆಯನ್ನೇ ಹಿಡಿಯಬೇಕು, ಮೂರು ನಾಲ್ಕು ದಿನ ಕೈಯಲ್ಲಿರಬೇಕು. ತಡವೆಂದರೆ ವಾರವೇ ಆಗಬೇಕೆಂದಿಲ್ಲ. 2023ರ ಅಕ್ಟೋಬರ್ 21ರಂದು ಗಗನಯಾನದ ಪರೀಕ್ಷಾ ರಾಕೆಟ್ ಇನ್ನು 5 ಸೆಕೆಂಡ್ ಇರುವಾಗ ನಿಂತು, ಅದೇ ಬೆಳಿಗ್ಗೆ 10ಕ್ಕೆ ಹಾರಿತು! ಚಳಿಗಾಲದಲ್ಲಾದರೆ ಪುಲಿಕಾಟ್‌ಗೆ ರಾಜಹಂಸಗಳು ಬಂದಿರುತ್ತವೆ, ಕಾಯುವುದೂ ಬೇಸರವಲ್ಲ.

“ಅಷ್ಟು ದೂರ ಯಾಕೆ ಕಟ್ಟಿದರು?” ಎಂದು ಅವಳ ಪ್ರಶ್ನೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದಲ್ಲ, ಪೂರ್ವಕ್ಕೆ ಹಾರುವ ರಾಕೆಟ್ಟಿಗೆ ಆ ವೇಗವೂ ಸೇರುತ್ತದೆ. ಕಳಚಿ ಬಿದ್ದ ಭಾಗಗಳೂ ಸಮುದ್ರಕ್ಕೇ ಬೀಳುತ್ತವೆ. ಬೆಂಕಿ ಮೊದಲು ಕಾಣುತ್ತದೆ, ಸದ್ದು ಆಮೇಲೆ. ಒಂದು ಕಿಲೋಮೀಟರಿಗೆ ಸುಮಾರು 3 ಸೆಕೆಂಡ್ ಎಂದೂ ಹೇಳಿದೆ.

ಅಂದಿನಿಂದ ಕೆರೆಯಾಚೆ ಬಟ್ಟೆ ಒಗೆಯುವವರನ್ನು ನೋಡುತ್ತಾ ನಿಲ್ಲುತ್ತಾಳೆ. ಬಟ್ಟೆ ಕಲ್ಲಿಗೆ ಬಿದ್ದದ್ದು ಕಂಡ ಮೇಲೆ ಸದ್ದು ಬರುತ್ತದೆ ಎಂದು ನನ್ನನ್ನೂ ಎಳೆದುಕೊಂಡು ಹೋಗಿ ತೋರಿಸಿದಳು. ಪ್ರಯಾಣದ ಪಟ್ಟಿಯೂ ಅವಳದೇ: ನೀರು, ಟೋಪಿ, ಆಧಾರ್ ಕಾರ್ಡು, ತಾತನ ಮಾತ್ರೆ. ಕೊನೆಯ ಸಾಲು ಅಣ್ಣನ ಅಕ್ಷರದಲ್ಲಿದೆ: ರಿಟರ್ನ್ ಟಿಕೆಟ್ ಬೇಡ.