ಅಂಕೋಲಾದಿಂದ ಹುಬ್ಬಳ್ಳಿಗೆ ರೈಲಿಲ್ಲ

ಸುನೀಲ ಜೋಶಿ ಹೆಸರು ನಿಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆಯೋ ಗೊತ್ತಿಲ್ಲ. ಗದಗಿನ ಎಡಗೈ ಸ್ಪಿನ್ನರ್. 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್ ಹಾಕಿದರು. ಅದರಲ್ಲಿ 6 ಮೇಡನ್, ಕೊಟ್ಟದ್ದು 6 ರನ್, ತೆಗೆದದ್ದು 5 ವಿಕೆಟ್. ನಾನಾಗ ಪ್ರೈಮರಿ ಶಾಲೆಯಲ್ಲಿದ್ದೆ. ನಮ್ಮೂರ ಹುಡುಗರೆಲ್ಲ ಒಂದು ತಿಂಗಳು ಎಡಗೈಯಲ್ಲೇ ಬಾಲ್ ಹಾಕಿದ್ದರು, ಬಲಗೈಯವರೂ ಸೇರಿ.

ಆ ಹತ್ತು ಓವರಿಗಿಂತ ನನಗೆ ಹೆಚ್ಚು ಕಾಡುವುದು ಅವರ ಶಾಲಾ ದಿನಗಳ ಕತೆ. ಬೆಳಗಿನ ಜಾವ ಗದಗಿನಿಂದ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಮತ್ತೆ ಗದಗಕ್ಕೆ ಬರುತ್ತಿದ್ದರಂತೆ. ಒಂದು ಬದಿಗೇ ಸುಮಾರು 60 ಕಿ.ಮೀ. ಇಷ್ಟೆಲ್ಲ ಮಾಡಿ ರಾಜ್ಯ ತಂಡಕ್ಕೆ ಬಂದದ್ದು 1992-93ರಲ್ಲಿ. 1995-96ರ ರಣಜಿಯಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್. ಟೆಸ್ಟ್ ಆಡಿದ್ದು 1996ರಲ್ಲಿ, ಆಗ ವಯಸ್ಸು 26.

ಈ ಲೆಕ್ಕವನ್ನು ನಾನು ಇತ್ತೀಚೆಗೆ ಒಬ್ಬ ತಂದೆಯ ಮುಂದೆ ಹೇಳಬೇಕಾಗಿ ಬಂತು. ಅಂಕೋಲಾ ತಾಲೂಕಿನವರು, ಬಾಡಿಗೆಗೆ ಗೂಡ್ಸ್ ಗಾಡಿ ಓಡಿಸುತ್ತಾರೆ. ಮಗನಿಗೆ 16, ಅವನೂ ಎಡಗೈ ಸ್ಪಿನ್ನರ್. ಜೈಹಿಂದ್ ಮೈದಾನದಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ವರದಿಗೆ ಹೋದಾಗ ಅವನನ್ನು ಮೊದಲು ನೋಡಿದೆ. ಟೆನಿಸ್ ಬಾಲಿನಲ್ಲಿ ಸ್ಪಿನ್ ಹಾಕುವವರಿಗೆ ನಮ್ಮ ಕಡೆ ಮರ್ಯಾದೆ ಕಡಿಮೆ. ಎಲ್ಲರಿಗೂ ಎಸೆದ ಹಾಗೆ ವೇಗ ಬೇಕು, ಇಲ್ಲವೇ ಸಿಕ್ಸರ್ ಬೇಕು. ಈ ಹುಡುಗ ಮಾತ್ರ ಬಾಲನ್ನು ಗಾಳಿಯಲ್ಲಿ ನಿಲ್ಲಿಸುತ್ತಿದ್ದ.

ಈಗ ಅವನಿಗೆ ಲೆದರ್ ಬಾಲ್ ಹುಚ್ಚು ಹಿಡಿದಿದೆ. ಜೂನಿನಲ್ಲಿ ಹುಬ್ಬಳ್ಳಿಗೆ ಹೋಗಿ ಪಿಯುಸಿ ಸೇರುತ್ತೇನೆ, ಅಲ್ಲೇ ಕ್ಯಾಂಪಿಗೆ ಹೋಗುತ್ತೇನೆ ಎನ್ನುತ್ತಾನೆ. ತಂದೆ ನನ್ನನ್ನು ಮನೆಗೆ ಕರೆದು ಕೂರಿಸಿಕೊಂಡು ಕೇಳಿದ್ದು ಒಂದೇ ಮಾತು: "ಅದೆಲ್ಲಾ ಸೈ ತಮ್ಮಾ, ಹೊಟ್ಟಿಗೆ ಏನ ಮಾಡುದು?"

ನಮ್ಮ ಜಿಲ್ಲೆ ಕ್ರಿಕೆಟ್ ಸಂಸ್ಥೆಯ ಧಾರವಾಡ ವಲಯಕ್ಕೆ ಸೇರುತ್ತದೆ. ಅಲ್ಲಿ ಮೊದಲು ಒಂದು ಕ್ಲಬ್ ಬೇಕು. ಕ್ಲಬ್ಬಿನಿಂದ ಡಿವಿಷನ್ ಲೀಗ್, ಅಲ್ಲಿ ಕಣ್ಣಿಗೆ ಬಿದ್ದರೆ ವಲಯದ ತಂಡ. ಆಮೇಲೆ ಮೈಸೂರು, ಶಿವಮೊಗ್ಗ, ಮಂಗಳೂರು, ಬೆಂಗಳೂರಿನ ಹುಡುಗರ ಎದುರು ಆಡಿ ಗೆದ್ದು ರಾಜ್ಯ ತಂಡ. 19ರೊಳಗಿನವರಿಗೆ ಕೂಚ್ ಬೆಹಾರ್ ಟ್ರೋಫಿ, 23ರೊಳಗಿನವರಿಗೆ ಸಿ.ಕೆ. ನಾಯುಡು ಟ್ರೋಫಿ, ಅದರ ಮೇಲೆ ರಣಜಿ. 2021ರಲ್ಲಿ ಮಂಡಳಿ ಪ್ರಕಟಿಸಿದ ಪ್ರಕಾರ 19ರೊಳಗಿನವರಿಗೆ ದಿನಕ್ಕೆ 20,000 ರೂ., 23ರೊಳಗಿನವರಿಗೆ 25,000, ರಣಜಿಯಲ್ಲಿ ಹೊಸಬರಿಗೆ 40,000. ತಂದೆ ಇದನ್ನು ಕೇಳಿ ಒಮ್ಮೆ ಮಗನ ಮುಖ ನೋಡಿದರು. ಆದರೆ ಆ ಮೆಟ್ಟಿಲು ಮುಟ್ಟುವವರೆಗೆ ಕಿಟ್ಟು, ಬಸ್ಸು, ರೂಮು, ಊಟ ಎಲ್ಲ ಹೆಚ್ಚುಕಡಿಮೆ ಮನೆಯದೇ ಎಂಬುದನ್ನೂ ಹೇಳಿದೆ. ಮುಚ್ಚಿಟ್ಟರೆ ಪಾಪ.

ಅಮೆರಿಕದ ಬೇಸ್‌ಬಾಲಿನಲ್ಲಿ ಹೀಗಲ್ಲ. ಅಲ್ಲಿ ದೊಡ್ಡ ತಂಡ ಹುಡುಗನನ್ನು ಸಹಿ ಮಾಡಿಸಿಕೊಂಡು ಕೆಳಗಿನ ಲೀಗುಗಳಿಗೆ ಬಿಡುತ್ತದೆ. ಅವನು ಒಂದೊಂದೇ ದರ್ಜೆ ಹತ್ತುತ್ತಾನೆ, ಹತ್ತುವಾಗ ಸಂಬಳ ಇರುತ್ತದೆ. ಅದೂ ಬಹಳ ವರ್ಷ ಜುಜುಬಿಯೇ ಇತ್ತು. 2023ರಲ್ಲಿ ಆಟಗಾರರ ಸಂಘ ಒಪ್ಪಂದ ಮಾಡಿಕೊಂಡ ಮೇಲೆ ದೊಡ್ಡ ಲೀಗಿನ ಹೊಸ್ತಿಲಲ್ಲಿರುವವನ ವರ್ಷದ ಕನಿಷ್ಠ ಸಂಬಳ 17,500 ಡಾಲರಿನಿಂದ 35,800ಕ್ಕೆ ಏರಿತು. ನಮ್ಮ ದೇಶದ ಇಬ್ಬರು ಈ ಏಣಿ ಹತ್ತಲು ಹೋಗಿದ್ದರು, ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಬೇಸ್‌ಬಾಲ್ ಗೊತ್ತೇ ಇಲ್ಲದ ಜಾವೆಲಿನ್ ಹುಡುಗರು. 2008ರಲ್ಲಿ ಟಿವಿ ಸ್ಪರ್ಧೆಯೊಂದರಿಂದ ಆಯ್ಕೆಯಾಗಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದರು. ದಿನೇಶ್ 2010ರಲ್ಲೇ ಹೊರಬಿದ್ದರು. ರಿಂಕು ಇನ್ನಷ್ಟು ವರ್ಷ ಹೋರಾಡಿದರೂ ದೊಡ್ಡ ಲೀಗ್ ಮುಟ್ಟಲಿಲ್ಲ, ಕೊನೆಗೆ ಕುಸ್ತಿಯ ಅಖಾಡಕ್ಕೆ ಹೋದರು. ಅವರ ಮೇಲೆ ಹಾಲಿವುಡ್ ಸಿನಿಮಾ ಬಂತು. ಸಿನಿಮಾ ಬಂದರೂ ಏಣಿ ಏಣಿಯೇ.

ಹುಡುಗನ ತಾಯಿಗೆ ಇಷ್ಟವಾದದ್ದು ವಿನಯ್ ಕುಮಾರ್ ಕತೆ. ದಾವಣಗೆರೆಯ ಆಟೋ ಚಾಲಕರ ಮಗ. ವೇಗ ಕಡಿಮೆ ಎಂದು ಜನ ಆಡಿಕೊಂಡರೂ ಕರ್ನಾಟಕಕ್ಕೆ 2013-14, 2014-15ರಲ್ಲಿ ಸತತ ಎರಡು ಸಲ ರಣಜಿ ಗೆದ್ದುಕೊಟ್ಟ ನಾಯಕ. ಟೆಸ್ಟ್ ಆಡಿದ್ದು ಒಂದೇ, 2012ರಲ್ಲಿ ಪರ್ತ್‌ನಲ್ಲಿ. "ಒಂದೇ ಆದ್ರೂ ಆಡಿದ್ನಲ್ಲ" ಅಂದರು ಆಕೆ, ಚಾ ಲೋಟ ಇಡುತ್ತ.

ನನ್ನ ಸಿಟ್ಟು ಬೇರೆ ಕಡೆಗಿದೆ. ಗದಗ-ಹುಬ್ಬಳ್ಳಿ ನಡುವೆ ರೈಲಿದೆ, ಬಯಲು ದಾರಿ ಇದೆ. ನಮಗೆ? ಯಲ್ಲಾಪುರದ ಮೇಲೆ 130 ಕಿ.ಮೀ.ಗೂ ಹೆಚ್ಚು, ನಡುವೆ ಅರಬೈಲ್ ಘಟ್ಟ. ಶಾಲೆಗೆ ಮುಂಚೆ ಹೋಗಿ ಬರುವ ಮಾತೇ ಇಲ್ಲ. ಹುಬ್ಬಳ್ಳಿ-ಅಂಕೋಲಾ ರೈಲು 1990ರ ದಶಕದ ಕೊನೆಗೆ ಮಂಜೂರಾದದ್ದು. ಕಾಡು ಹೋಗುತ್ತದೆಂಬ ವಾದ, ಬಂದರಿಗೆ ಬೇಕೆಂಬ ವಾದ, ಕೋರ್ಟು, ಮರುಸರ್ವೆ ಎಂದು ನಾನೇ ಈ ಬಗ್ಗೆ ಎಷ್ಟು ಸುದ್ದಿ ಕಳಿಸಿದ್ದೇನೋ. ಕಾಡಿನ ವಾದದಲ್ಲಿ ಹುರುಳಿದೆ, ಅಲ್ಲಗಳೆಯುವುದಿಲ್ಲ. ಆದರೆ ರೈಲಿಲ್ಲದಿದ್ದರೆ ಆಟವಾದರೂ ಘಟ್ಟ ಇಳಿದು ಬರಬಹುದಲ್ಲ? ಒಂದು ರಾತ್ರಿಯ ಟೂರ್ನಮೆಂಟಿಗೆ ಲೈಟು, ಮೈಕು, ಆಳೆತ್ತರದ ಟ್ರೋಫಿ, ಗಣ್ಯರಿಗೆ ಶಾಲು ಎಲ್ಲ ಹೊಂದಿಸುವ ನಮ್ಮ ಯುವಕ ಮಂಡಳಗಳು ಒಂದು ವರ್ಷ ಶಾಲು ಬಿಟ್ಟು ಮ್ಯಾಟು, ನೆಟ್ಟು ತಂದರೆ ಹತ್ತು ಹುಡುಗರು ಊರಲ್ಲೇ ಲೆದರ್ ಬಾಲ್ ಹಿಡಿಯುತ್ತಾರೆ. ಇದನ್ನು ಒಂದು ಸಭೆಯಲ್ಲಿ ಹೇಳಿದೆ. ಚಪ್ಪಾಳೆ ಬಿತ್ತು, ನನಗೂ ಒಂದು ಶಾಲು ಹೊದೆಸಿದರು.

ಆ ಮನೆಯಲ್ಲಿ ಕೊನೆಗೆ ಆದ ತೀರ್ಮಾನ ಇಷ್ಟು. ಪಿಯುಸಿ ಹುಬ್ಬಳ್ಳಿಯಲ್ಲೇ, ಉಳಿಯುವುದು ದೂರದ ಸಂಬಂಧಿಕರ ಮನೆಯಲ್ಲಿ. ಕಾಮರ್ಸ್ ತೆಗೆದುಕೊಳ್ಳಬೇಕು, ಪಾಸಾಗಲೇಬೇಕು. ಎರಡು ವರ್ಷದಲ್ಲಿ ವಲಯದ ತಂಡಕ್ಕೆ ಬರದಿದ್ದರೆ ವಾಪಸ್ ಬಂದು ಗಾಡಿ ಓಡಿಸಬೇಕು. "ಮೂರು ವರ್ಷ" ಅಂದ ಹುಡುಗ. ತಂದೆ ಎರಡೇ ಅಂದರು. ತಾಯಿ ಒಳಗಿನಿಂದ, ಎರಡೂವರೆ ಅಂದರು. ಸ್ಪೈಕ್ಸ್ ಶೂ ರೇಟು ಎಷ್ಟೆಂದು ತಂದೆ ನನ್ನನ್ನೇ ಕೇಳಿದರು. ಮೊಬೈಲಿನಲ್ಲಿ ಹುಡುಕಿ ತೋರಿಸಿದೆ. ಫೋನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿ, "ಇದು ಒಂದೇ ಕಾಲಿಂದೋ, ಎರಡೂ ಕಾಲಿಂದೋ?" ಅಂದರು.