ಮದರಸದ ಎದುರಿನಲ್ಲಿ

ಔರಾದಿನಿಂದ ಹೊರಟ ವೃದ್ಧ ದಂಪತಿಗಳ ಕಾರು ಮಾಂಜ್ರಾ ನದಿಯನ್ನು ದಾಟಿ ಬೀದರವನ್ನು ಸೇರಿದಾಗ ಮಧ್ಯಾಹ್ನವಾಗಿತ್ತು. ಹೊತ್ತು ಮುಳುಗುವುದರೊಳಗೆ ಭಾಲ್ಕಿಯ ಮಗಳ ಮನೆಯನ್ನು ಸೇರಬೇಕೆಂಬುದು ಪತಿಯ ಆತುರ. ಮಹಮೂದ್ ಗವಾನನ ಮದರಸವನ್ನು ಕಂಡೊಡನೆ ಪತ್ನಿ, “ರೀ, ಒಂದು ಗಳಿಗೆ ಇಲ್ಲಿ ಇಳಿಯೋಣ. ಎಷ್ಟು ಸಲ ಬಂದರೂ ಹೊರಗಿನಿಂದಲೇ ನೋಡಿದ್ದಾಯಿತು” ಎಂದರು.

ಪರ್ಷಿಯಾದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನನು 1472ರಲ್ಲಿ ಕಟ್ಟಿಸಿದ ವಿದ್ಯಾಲಯವಿದು. ಮೂರು ಅಂತಸ್ತುಗಳಲ್ಲಿ ಪಾಠದ ಮಂದಿರಗಳು, ಗ್ರಂಥಾಲಯ, ಗುರುಶಿಷ್ಯರ ಬಿಡಾರಗಳು ಇದ್ದವು. ಕೃತಕ ಪತ್ರವೊಂದನ್ನು ನಂಬಿದ ಸುಲ್ತಾನನು 1481ರಲ್ಲಿ ಆ ವೃದ್ಧ ಮಂತ್ರಿಯನ್ನು ಕೊಲ್ಲಿಸಿದನು, ಎಂತಹ ಅವಿವೇಕ! ಹದಿನೇಳನೆಯ ಶತಮಾನದ ಕೊನೆಯಲ್ಲಿ ಕಟ್ಟಡದ ಒಂದು ಭಾಗವೂ ಸಿಡಿದು ಕುಸಿಯಿತು. ಈಗ ನಿಂತಿರುವುದು ಒಂದೇ ಮಿನಾರು. ಅದರ ಮೈಮೇಲೆ ಬಣ್ಣದ ಬಿಲ್ಲೆಗಳು ಅಲ್ಲಲ್ಲಿ ಉಳಿದಿವೆ.

ಆಕೆ ಒಳಗಿನ ಕಟ್ಟೆಯ ಮೇಲೆ ಕುಳಿತು ಸಾಲುಗಿಂಡಿಗಳನ್ನು ದಿಟ್ಟಿಸಿದರು. “ಓದುವವರಿಗೆಂದು ಎಷ್ಟು ಬೆಳಕು ಬಿಟ್ಟು ಕಟ್ಟಿಸಿದ್ದಾನೆ!” ಎಂದಷ್ಟೇ ನುಡಿದರು.

ಏಳನೆಯ ತರಗತಿಗೇ ಶಾಲೆ ಬಿಟ್ಟವರು ಅವರು. ಮುಂದೆ ಓದಿಸುವೆನೆಂದು ಮದುವೆಯಾದ ಹೊಸತರಲ್ಲಿ ಪತಿ ಮಾತು ಕೊಟ್ಟಿದ್ದರು. ಆಕೆ ಅದನ್ನು ಎಂದೂ ಎತ್ತಿ ಆಡಿರಲಿಲ್ಲ. ಪತಿ ಕೈಗಡಿಯಾರವನ್ನು ನೋಡುವುದನ್ನು ಬಿಟ್ಟು ಪಕ್ಕದಲ್ಲಿ ಬಂದು ಕುಳಿತರು. ಅವರು ಭಾಲ್ಕಿಯನ್ನು ಸೇರಿದಾಗ ದೀಪ ಹಚ್ಚಿ ಬಹಳ ಹೊತ್ತಾಗಿತ್ತು.