ನಂಟರಲ್ಲದ ನಂಟರು

ಹೆಣ್ಣು ತರುವುದಾದರೆ ರಕ್ತಸಂಬಂಧದಲ್ಲಿಯೇ ತರಬೇಕೆಂಬುದು ನಮ್ಮ ಮನೆಯ ಹಿರಿಯರ ಹಟ. ನನ್ನ ತಂದೆಗೆ ತಂಗಿಯ ಮಗಳೇ ಸೊಸೆಯಾಗಬೇಕು. ಸೋದರತ್ತೆಗೂ ತನ್ನ ಮಗಳು ತೌರಿನ ಹೊಸಿಲನ್ನೇ ತುಳಿಯಲೆಂಬ ಆಸೆ. ಹೀಗಾಗಿ ನಾನೂ ನನ್ನಾಕೆಯೂ ಒಬ್ಬಳೇ ಅಜ್ಜಿಯ ಕೈತುತ್ತು ತಿಂದು ಬೆಳೆದವರು. ಚಪ್ಪರದ ಕೆಳಗೆ ನೆರೆದಿದ್ದ ನೂರಾರು ಜನರಲ್ಲಿ ಇದು ಬೇಡವೆಂದವರು ಒಬ್ಬರೂ ಇಲ್ಲ. ಬೇಡವಾಗಿತ್ತೆಂದು ಇಂದಿಗೂ ನಾನು ಹೇಳಲಾರೆ. ಆಕೆಯಂಥ ಸಂಗಾತಿ ನನಗೆ ಬೇರೆಲ್ಲಿ ದೊರೆಯುತ್ತಿದ್ದಳು?

ನಮ್ಮದು ರಾವೂರ. ಮನೆಯ ನೆಲಕ್ಕೆ ಹಾಸುವ ಶಹಾಬಾದು ಕಲ್ಲನ್ನು ಬಲ್ಲ ವಾಚಕರಿಗೆ ನಮ್ಮ ಸೀಮೆಯ ಪರಿಚಯವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ನಮ್ಮ ಗಿಡಮರಗಳ ಎಲೆಗಳ ಮೇಲೂ ಕಲ್ಲಿನ ಪುಡಿ. ಮಗಳಿಗೆ ಎಂಟು ತಿಂಗಳಾಗುವ ಹೊತ್ತಿಗೆ ಅವಳ ಮುಖವೂ ಆ ಎಲೆಗಳಂತೆಯೇ ಬಿಳುಚಿಕೊಂಡಿತು. ದೃಷ್ಟಿ ತಾಗಿದೆಯೆಂದರು, ಹಲ್ಲು ಬರುವ ಬೇನೆಯೆಂದರು. ಕಲಬುರಗಿಯ ವೈದ್ಯರು ಮಗುವಿನ ಕಣ್ಣಿನ ರೆಪ್ಪೆಯನ್ನು ಕೆಳಗೆಳೆದು ನೋಡಿ, ಮೂವರ ರಕ್ತವನ್ನೂ ಪರೀಕ್ಷೆಗೆ ಬರೆದುಕೊಟ್ಟರು. ಬಂದ ಉತ್ತರ ಥಲಸ್ಸೀಮಿಯ.

ರಕ್ತಕ್ಕೆ ಕೆಂಪನ್ನು ಕೊಡುವ ಹಿಮೋಗ್ಲೋಬಿನ್ನನ್ನು ಅವಳ ದೇಹ ಸರಿಯಾಗಿ ಕಟ್ಟಲಾರದು. ದೋಷದ ಒಂದೊಂದು ಪಾಲು ನನ್ನಲ್ಲಿಯೂ ನನ್ನಾಕೆಯಲ್ಲಿಯೂ ಇತ್ತು. ಒಂದೇ ಪಾಲಿದ್ದವರು ಸಾಮಾನ್ಯವಾಗಿ ಎಲ್ಲರಂತೆ ದುಡಿದುಕೊಂಡು ಬಾಳುತ್ತಾರೆ. ಎರಡೂ ಕೂಡಿದ ಮಗು ನಮ್ಮವಳಂತಾಗುತ್ತದೆ. ಇಂಥ ದಂಪತಿಗಳಿಗೆ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲೊಂದು ಪಾಲು ಈ ಅಪಾಯವುಂಟು. ನಂಟರಲ್ಲದವರು ಮದುವೆಯಾದರೂ ಹೀಗಾಗಬಹುದು, ಆದರೆ ಒಂದೇ ಮನೆತನದ ದೋಷ ಎರಡು ಕಡೆಯಿಂದಲೂ ಬಂದು ಸೇರುವುದು ಸೋದರಿಕೆಯ ಮದುವೆಯಲ್ಲಿ ಸುಲಭ. ಮದುವೆಗೆ ಮೊದಲು ಒಂದು ರಕ್ತಪರೀಕ್ಷೆಯಿಂದ ತಿಳಿಯಬಹುದಾಗಿದ್ದ ಸಂಗತಿ. ನಾವು ಜಾತಕ ನೋಡಿಸಿದ್ದೆವು.

ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಬೇಕೆಂದಾಗ ನಾನು ಆ ಕ್ಷಣವೇ ತೋಳು ಮಡಿಸಿದೆ. ತಂದೆಯಿರುವಾಗ ಬೇರೆಯವರೇಕೆ? ರಕ್ತದಾನಿಗೆ ಹಿಮೋಗ್ಲೋಬಿನ್ 12.5 ಗ್ರಾಂ ಆದರೂ ಇರಬೇಕು, ನನ್ನದು 11.2. ನನ್ನಾಕೆಯದು ಇನ್ನೂ ಕಡಿಮೆ. ಮಗಳಿಗೆ ಕೊಟ್ಟ ದೋಷವೇ ನಮ್ಮ ಕೈಯನ್ನೂ ಕಟ್ಟಿತ್ತು. ಆಕೆಯ ತಮ್ಮ ಮುಂದೆ ಬಂದ, ಅವನನ್ನೂ ವೈದ್ಯರು ತಡೆದರು. ಮುಂದೆಂದಾದರೂ ಅಸ್ಥಿಮಜ್ಜೆಯ ಕಸಿಯ ಯೋಗ ಕೂಡಿ ಬಂದರೆ, ಮನೆಯವರ ರಕ್ತವನ್ನು ಮೊದಲೇ ಏರಿಸಿದ್ದು ತೊಡಕಾಗಬಹುದಂತೆ. “ನಂಟರು ಬೇಡ, ಹೊರಗಿನವರದೇ ಆಗಲಿ” ಎಂದರು. ಮದುವೆಗೆ ಮೊದಲು ಯಾರೂ ಆಡದ ಆ ಮಾತನ್ನು ಅಲ್ಲಿ ಕೇಳಿದೆ.

ಅಂದಿನಿಂದ ಆರು ವರ್ಷಕ್ಕೂ ಮೇಲಾಯಿತು. ನನ್ನಾಕೆ ಒಂದು ಹಳೆಯ ಲೆಕ್ಕದ ಪುಸ್ತಕವನ್ನು ಇದಕ್ಕಾಗಿಯೇ ಇಟ್ಟಿದ್ದಾಳೆ. ತಾರೀಖು, ಮಗಳ ತೂಕ, ಹಿಮೋಗ್ಲೋಬಿನ್, ಕಡೆಗೆ ರಕ್ತದ ಚೀಲದ ಸಂಖ್ಯೆ. ಸಾಲುಗಳು ನೂರನ್ನು ದಾಟಿವೆ. ಚೀಲದ ಮೇಲೆ ಗುಂಪು ಇರುತ್ತದೆ, ಕೊಟ್ಟ ದಿನವಿರುತ್ತದೆ, ಕೊಟ್ಟವರ ಹೆಸರಿರುವುದಿಲ್ಲ. ಯಾರಿಗೆ ಮುಟ್ಟಿತೆಂಬುದು ಕೊಟ್ಟವರಿಗೂ ತಿಳಿಯದು. ಅದು ಹಾಗೆಯೇ ಇರಬೇಕೆಂದು ಬುದ್ಧಿಗೆ ಗೊತ್ತು. ಆದರೂ ಆ ಸಂಖ್ಯೆಯನ್ನು ಬರೆಯುವಾಗ ಆಕೆ ದೇವರ ಮುಂದೆ ದೀಪ ಹಚ್ಚುವಾಗಿನ ಹಾಗೆ ತಲೆಯ ಮೇಲೆ ಸೆರಗೆಳೆದುಕೊಳ್ಳುತ್ತಾಳೆ. ಏಕೆಂದು ನಾನು ಕೇಳಿಲ್ಲ.

ಮನೆಗೆ ಬರುವ ಬಂಧುಗಳ ಅಕ್ಕರೆಯ ವಿಷಯವನ್ನೂ ಹೇಳಬೇಕು. ರಕ್ತ ಹೆಚ್ಚಲೆಂದು ಒಬ್ಬರು ಖರ್ಜೂರ, ಇನ್ನೊಬ್ಬರು ಬೆಲ್ಲ ತರುತ್ತಾರೆ. ನಮ್ಮ ಮಗುವಿಗೆ ಕಬ್ಬಿಣದ ಕೊರತೆಯಿಲ್ಲ. ಏರಿಸಿದ ಪ್ರತಿ ಚೀಲದಿಂದಲೂ ಕಬ್ಬಿಣ ಉಳಿದು ಯಕೃತ್ತಿನಲ್ಲಿ, ಹೃದಯದಲ್ಲಿ ಸೇರಿಕೊಳ್ಳುತ್ತದೆ. ಅದನ್ನು ಹೊರಹಾಕಲು ದಿನವೂ ಗುಳಿಗೆ. ಊಟದ ಜೊತೆಗೆ ಚಹ ಕುಡಿದರೆ ಅನ್ನದಲ್ಲಿನ ಕಬ್ಬಿಣ ಕಡಿಮೆ ಹೀರಲ್ಪಡುತ್ತದೆಂದು ವೈದ್ಯರೇ ಹೇಳಿದ್ದಾರೆ. ಕೂಸಿಗೆ ಚಹ ಕುಡಿಸುವ ತಾಯಿಯೆಂದು ನನ್ನಾಕೆ ಓಣಿಯಲ್ಲಿ ಹೆಸರು ಗಳಿಸಿದ್ದಾಳೆ!

ನಮ್ಮಲ್ಲಿ ಹೆದರಿಕೆಯ ಕಾಲವೆಂದರೆ ಬೇಸಗೆ. ಕಾಲೇಜುಗಳಿಗೆ ರಜೆ, ಶಿಬಿರಗಳು ವಿರಳ, ಬಿಸಿಲಿಗೆ ಹೆದರಿ ದಾನಿಗಳೂ ಹೊರಬೀಳರು. ತೊಗರಿಯಂತೆ ಸುಗ್ಗಿಯಲ್ಲಿ ತುಂಬಿಟ್ಟುಕೊಳ್ಳೋಣವೆಂದರೆ ರಕ್ತ ಶೀತಪೆಟ್ಟಿಗೆಯಲ್ಲಿಯೂ 35 ದಿನ, ಹೆಚ್ಚೆಂದರೆ 42 ದಿನ ಮಾತ್ರ ಬಾಳುತ್ತದೆ. ಎರಡು ವರ್ಷದ ಹಿಂದಿನ ಮೇ ತಿಂಗಳಲ್ಲಿ ನಾವು ಹೋದ ದಿನ ಅವಳ ಗುಂಪಿನ ರಕ್ತ ಒಂದು ಚೀಲವೂ ಇರಲಿಲ್ಲ. ಮಗಳ ಹಿಮೋಗ್ಲೋಬಿನ್ ಆರಕ್ಕೆ ಇಳಿದಿತ್ತು. ಅವಳು ಅಳುತ್ತಿರಲಿಲ್ಲ, ಅಳುವುದಕ್ಕೂ ತ್ರಾಣ ಬೇಕಲ್ಲ! ನಾನು ಗೇಟಿನ ಹೊರಗಿನ ಚಹದ ಅಂಗಡಿಯಲ್ಲಿ ನಿಂತು, ಗುರುತಿದ್ದವರಿಗೆಲ್ಲ ಫೋನು ಮಾಡುತ್ತಿದ್ದೆ. ಬೆಂಚಿನ ಮೇಲೆ ಕುಳಿತಿದ್ದ ಲಾರಿ ಚಾಲಕನೊಬ್ಬ ಎಲ್ಲವನ್ನೂ ಕೇಳಿಸಿಕೊಂಡು, ಬಸಿಯನ್ನು ಕೆಳಗಿಟ್ಟ.

“ಕೂಸಿಗಿ ಯಾವ ಗುಂಪು ಬೇಕಾಗ್ಯದ್ರಿ?”

ಹೇಳಿದೆ.

“ನಂದೂ ಅದೇ ಅದರಿ. ನಡ್ರಿ.”

ಅವನ ರಕ್ತವೇ ನನ್ನ ಮಗಳಿಗೆ ಬಂದಿತೆನ್ನಲಾರೆ. ಐದು ರೋಗಗಳ ಪರೀಕ್ಷೆಯಾಗದೆ ಯಾವ ರಕ್ತವೂ ಹೊರಗೆ ಬರುವಂತಿಲ್ಲ. ಅಷ್ಟರಲ್ಲಿ ಬೇರೊಂದು ರಕ್ತನಿಧಿಯಿಂದ ಒಂದು ಚೀಲ ಬಂತು. ಅವನದು ಇನ್ನಾವ ಮನೆಯ ಕೂಸಿಗೆ ಹೋಯಿತೋ! ಅವನು ಹೊರಬಂದಾಗ ನಾನು ಅವಿವೇಕದಿಂದ ಜೇಬಿಗೆ ಕೈ ಹಾಕಿದೆ. “ರೊಕ್ಕ ಒಳಗಿಡ್ರಿ ಸಾಹೇಬ್ರ, ನಾಳಿ ನಂಗೂ ಬೇಕಾಗ್ತದ” ಎಂದು ನಕ್ಕ. ಅರ್ಧ ಕುಡಿದಿದ್ದ ಚಹದ ಹಣವನ್ನೂ ತಾನೇ ಕೊಟ್ಟು ಹೋದ. ಹೆಸರು ಕೇಳುವುದನ್ನು ಮರೆತೆ.

ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ರಕ್ತವನ್ನು ಮಾರಿ ಹೊಟ್ಟೆ ಹೊರೆಯುವವರಿದ್ದರು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತ ಮೇಲೆ 1998ರ ಜನವರಿಯಿಂದ ಆ ಮಾರಾಟ ನಿಂತಿತು. ಅಂದಿನಿಂದ ನನ್ನ ಮಗಳಂಥವರ ಬದುಕು ಕೊಡಬೇಕೆನ್ನುವವರ ಮನಸ್ಸನ್ನೇ ನಂಬಿಕೊಂಡಿದೆ. ಇದನ್ನು ನೆನೆದು ಕೆಲವು ರಾತ್ರಿ ನನಗೆ ನಿದ್ದೆ ಬಾರದು. ಆದರೂ ಆ ನೂರು ಸಾಲುಗಳಲ್ಲಿ ಖಾಲಿ ಬಿಟ್ಟ ಸಾಲು ಒಂದೂ ಇಲ್ಲ.

ಕಳೆದ ವಾರ ರಕ್ತ ಏರಿಸಿಕೊಂಡು ರೈಲಿನಲ್ಲಿ ವಾಡಿಗೆ ಮರಳುತ್ತಿದ್ದೆವು. ಅಲ್ಲಿ ಇಳಿದರೆ ರಾವೂರಿಗೆ ಟಂಟಂ ಸಿಗುತ್ತದೆ. ರಕ್ತ ಏರಿದ ದಿನ ಅವಳ ಬಾಯಿಗೆ ಬಿಡುವಿಲ್ಲ. ಶಹಾಬಾದು ಬರುವ ಮೊದಲೇ ಕೇಳಿದಳು:

“ಅಪ್ಪಾ, ಇವತ್ತು ಯಾರದು ಹಾಕ್ಯಾರ?”

“ಯಾರದೋ ಗೊತ್ತಿಲ್ಲವ್ವಾ.”

ಅವಳು ಡಬ್ಬಿಯೊಳಗಿನ ಮುಖಗಳನ್ನು ಒಂದೊಂದಾಗಿ ನೋಡತೊಡಗಿದಳು. ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಿದ್ದ ಕಾಲೇಜು ಹುಡುಗನ ಕಡೆಗೆ ಬೆರಳು ತೋರಿಸಿ, “ಇವರದಿರಬಹುದೇನು?” ಎಂದಳು. ಇಲ್ಲವೆನ್ನಲು ನನ್ನಲ್ಲಿ ಆಧಾರವೇನಿತ್ತು? ಸುಮ್ಮನಾದೆ. ಅವಳು ಎದ್ದು ಹೋಗಿ, ತಾಯಿ ಕೊಡಿಸಿದ್ದ ಶೇಂಗಾ ಚಿಕ್ಕಿಯನ್ನು ಎರಡಾಗಿ ಮುರಿದು, ದೊಡ್ಡ ತುಂಡನ್ನು ಅವನ ಚೀಲದ ಮೇಲಿಟ್ಟು ಬಂದಳು.